ಸಪ್ಲೈಯರ್ ಜೊತೆ ದೀರ್ಘಕಾಲದ ಪಾಲುದಾರಿಕೆ: ಯಾವುದು ಮೊದಲು, ಯಾವುದು ಆಮೇಲೆ

ಸಪ್ಲೈಯರ್‌ಗಳ ಜೊತೆ ಪಾಲುದಾರಿಕೆ ಕಟ್ಟಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಎಲ್ಲರನ್ನೂ ಒಂದು ಸಭೆಗೆ ಕರೆದು "ಇನ್ಮುಂದೆ ನಾವೆಲ್ಲ ಪಾಲುದಾರರು" ಅನ್ನುತ್ತಾರೆ. ಮೂರು ವರ್ಷದ ಒಪ್ಪಂದಕ್ಕೆ ಸಹಿಯೂ ಬೀಳುತ್ತದೆ. ಆರು ತಿಂಗಳು ಕಳೆದು ನೋಡಿದರೆ ಬಿಲ್ ಬಾಕಿ ಹಾಗೇ ಇದೆ, ಮಾಲು ತಡವಾಗುವುದೂ ಹಾಗೇ ಇದೆ, ದರದ ಜಗಳ ಮಾತ್ರ ಜಾಸ್ತಿಯಾಗಿದೆ. ಇವರ ಉದ್ದೇಶದಲ್ಲಿ ದೋಷವಿಲ್ಲ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುತ್ತಾರೆ, ಅಷ್ಟೇ.

ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಅದರಲ್ಲೂ 3ನೇ ಹಂತವನ್ನು ಬಿಡಬೇಡಿ. ಬಹಳ ಜನ ಹಾರಿಸಿ ಹೋಗುವುದು ಅದನ್ನೇ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ದುಬಾರಿ ಸಾಫ್ಟ್‌ವೇರ್ ಬೇಡ. ಒಂದು ಸ್ಪ್ರೆಡ್‌ಶೀಟ್, ಕಳೆದ 12 ತಿಂಗಳ ಖರೀದಿ ಆರ್ಡರ್‌ಗಳು ಮತ್ತು ಬಿಲ್‌ಗಳು, ಮಾಲು ಒಳಬಂದ ದಿನಾಂಕಗಳ ದಾಖಲೆ, ವಾಪಸ್ ಕಳಿಸಿದ ಮಾಲಿನ ಲೆಕ್ಕ, ಬಿಲ್‌ಗೆ ಹಣ ಹೋದ ದಿನಾಂಕಗಳು. ಇಷ್ಟು ಸಾಕು.

ಜನರ ವಿಷಯದಲ್ಲಿ ಮಾತ್ರ ರಾಜಿ ಬೇಡ. ಖರೀದಿ, ಲೆಕ್ಕಪತ್ರ, ಗುಣಮಟ್ಟ, ಉತ್ಪಾದನೆ, ಈ ನಾಲ್ಕೂ ಕಡೆಯಿಂದ ಒಬ್ಬೊಬ್ಬರು ಕೂರಲೇಬೇಕು. ಖರೀದಿ ವಿಭಾಗ ಒಂದೇ ಕೂತು ಮಾಡಿದ ಯೋಜನೆಯನ್ನು ಲೆಕ್ಕಪತ್ರ ವಿಭಾಗ ಒಂದೇ ತಿಂಗಳಲ್ಲಿ ಮುರಿದುಹಾಕುತ್ತದೆ. ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ, ಪಾಪ.

## ಹಂತ 1: ಏನು ಕೊಳ್ಳುತ್ತಿದ್ದೀರಿ ಅನ್ನುವುದನ್ನು ಒಂದೇ ಹಾಳೆಗೆ ತನ್ನಿ

ಪ್ರತಿ ವಸ್ತುವಿಗೆ ಒಂದು ಸಾಲು. ವಸ್ತುವಿನ ಹೆಸರು, ಸಪ್ಲೈಯರ್, ವರ್ಷದ ಒಟ್ಟು ಖರ್ಚು, ಎಷ್ಟು ಬಾರಿ ತರಿಸಿದಿರಿ, ಆರ್ಡರ್ ಕೊಟ್ಟ ದಿನದಿಂದ ಮಾಲು ಬರುವವರೆಗೆ ಸರಾಸರಿ ಎಷ್ಟು ದಿನ, ಅತಿ ಕೆಟ್ಟ ಸಲ ಎಷ್ಟು ದಿನ, ಬೇರೆ ಸಪ್ಲೈಯರ್ ಇದ್ದಾರಾ ಇಲ್ಲವಾ. ಆಮೇಲೆ ಖರ್ಚಿನ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ. ಹೆಚ್ಚಿನ ಕಡೆ ಖರ್ಚಿನ ದೊಡ್ಡ ಪಾಲು ಮೇಲಿನ ಕೆಲವೇ ಸಾಲುಗಳಲ್ಲಿ ಕೂತಿರುತ್ತದೆ.

ಇಲ್ಲಿ ಆಗುವ ತಪ್ಪು: ಒಬ್ಬನೇ ಸಪ್ಲೈಯರ್ ಮೂರು ಬೇರೆ ಬೇರೆ ಹೆಸರಲ್ಲಿ ದಾಖಲಾಗಿರುತ್ತಾನೆ. ಕಂಪನಿಯ ಪೂರ್ತಿ ಹೆಸರು, ಚುಟುಕು ಹೆಸರು, ಮಾಲೀಕರ ಹೆಸರು. ಒಟ್ಟು ಮಾಡಿದಾಗಲೇ ಅವನು ನಿಮ್ಮ ಎರಡನೇ ದೊಡ್ಡ ಸಪ್ಲೈಯರ್ ಅಂತ ಗೊತ್ತಾಗುವುದು. ಹೆಸರುಗಳನ್ನು ಸರಿ ಮಾಡದೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 2: ನಾಲ್ಕು ಗುಂಪು ಮಾಡಿ

1983ರಲ್ಲಿ ಮ್ಯಾನೇಜ್‌ಮೆಂಟ್ ಸಲಹೆಗಾರ ಪೀಟರ್ ಕ್ರಾಲ್ಜಿಕ್ ಮುಂದಿಟ್ಟ ವಿಂಗಡಣೆಯನ್ನು ಖರೀದಿ ವಿಭಾಗಗಳು ಇವತ್ತಿಗೂ ಬಳಸುತ್ತವೆ. ಪ್ರತಿ ವಸ್ತುವಿಗೂ ಎರಡು ಪ್ರಶ್ನೆ ಕೇಳಿ. ಇದು ನಮ್ಮ ಲಾಭದ ಮೇಲೆ ಎಷ್ಟು ಪರಿಣಾಮ ಬೀರುತ್ತದೆ? ಇದು ಸಿಗದೆ ಹೋಗುವ ಅಪಾಯ ಎಷ್ಟು? ಉತ್ತರದ ಮೇಲೆ ನಾಲ್ಕು ಗುಂಪಾಗುತ್ತದೆ.

1. ಸಾಧಾರಣ ವಸ್ತುಗಳು: ಪರಿಣಾಮ ಕಡಿಮೆ, ಅಪಾಯವೂ ಕಡಿಮೆ. ಕಚೇರಿಯ ಕಾಗದ, ಶುಚಿ ಮಾಡುವ ಸಾಮಾನು ಇತ್ಯಾದಿ. ಇವನ್ನು ತರಿಸುವ ಶ್ರಮ ಕಡಿಮೆ ಮಾಡಿ, ಮರೆತುಬಿಡಿ.
2. ಚೌಕಾಸಿಯ ವಸ್ತುಗಳು: ಖರ್ಚು ದೊಡ್ಡದು, ಆದರೆ ಮಾರುವವರು ಬೇಕಾದಷ್ಟು ಜನ. ಇಲ್ಲಿ ಮೂರು ಕೊಟೇಶನ್ ತರಿಸಿ ದರ ಇಳಿಸುವುದು ತಪ್ಪೇನಲ್ಲ.
3. ಇಕ್ಕಟ್ಟಿನ ವಸ್ತುಗಳು: ಖರ್ಚು ಚಿಕ್ಕದು, ಆದರೆ ಸಿಗದೆ ಹೋದರೆ ಕೆಲಸವೇ ನಿಲ್ಲುತ್ತದೆ. ಒಬ್ಬನೇ ತಯಾರಿಸುವ ಒಂದು ಸಣ್ಣ ವಾಲ್ವ್, ಒಂದು ವಿಶೇಷ ಅಂಟು. ದರದ ಚಿಂತೆ ಬಿಡಿ. ದಾಸ್ತಾನು ಇಡಿ, ಬದಲಿ ಹುಡುಕಿ.
4. ಆಯಕಟ್ಟಿನ ವಸ್ತುಗಳು: ಪರಿಣಾಮ ದೊಡ್ಡದು, ಅಪಾಯವೂ ದೊಡ್ಡದು. ದೀರ್ಘಕಾಲದ ಪಾಲುದಾರಿಕೆ ಬೇಕಾಗಿರುವುದು ಇಲ್ಲಿ.

ನಾಲ್ಕನೇ ಗುಂಪಿನಲ್ಲಿ ಬೆರಳೆಣಿಕೆಯಷ್ಟು ಸಪ್ಲೈಯರ್‌ಗಳೇ ಉಳಿಯಬೇಕು. ಮೂವತ್ತು ಹೆಸರು ಬಂದಿದ್ದರೆ ನೀವು ಅಪಾಯವನ್ನು ಅಳೆದಿಲ್ಲ, ಪರಿಚಯವನ್ನು ಅಳೆದಿದ್ದೀರಿ. ಹಳೆಯ ಸ್ನೇಹ, ಒಳ್ಳೆಯ ನಡವಳಿಕೆ ಇವೆಲ್ಲ ಬೇಕು, ಆದರೆ ಅವು ಈ ಗುಂಪಿಗೆ ಸೇರಲು ಅರ್ಹತೆ ಆಗುವುದಿಲ್ಲ.

ಮೂರನೇ ಗುಂಪನ್ನು ಜನ ಕಡೆಗಣಿಸುತ್ತಾರೆ. ಖರ್ಚಿನ ಪಟ್ಟಿಯಲ್ಲಿ ಅದು ಕೆಳಗೆಲ್ಲೋ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಉತ್ಪಾದನೆಯವರನ್ನು ಕೇಳಿ: "ನಾಳೆ ಬೆಳಿಗ್ಗೆ ಯಾವುದು ಇಲ್ಲದಿದ್ದರೆ ಮೆಷಿನ್ ನಿಲ್ಲುತ್ತೆ?" ಅವರು ಹೇಳುವ ಪಟ್ಟಿ ನಿಮ್ಮ ಪಟ್ಟಿಗಿಂತ ಬೇರೆಯೇ ಇರುತ್ತದೆ.

## ಹಂತ 3: ಮೊದಲು ನಿಮ್ಮ ಕಡೆಯದನ್ನು ಸರಿ ಮಾಡಿಕೊಳ್ಳಿ

ಸಪ್ಲೈಯರ್‌ಗೂ ಒಂದು ಪಟ್ಟಿ ಇರುತ್ತದೆ, ಅಲ್ವಾ? ಅವನೂ ಗ್ರಾಹಕರನ್ನು ವಿಂಗಡಿಸುತ್ತಾನೆ. ಮಾಲು ಕಡಿಮೆ ಬಿದ್ದ ದಿನ ಯಾರಿಗೆ ಮೊದಲು ಕಳಿಸಬೇಕು ಅನ್ನುವುದನ್ನು ಆ ಪಟ್ಟಿ ನೋಡಿ ತೀರ್ಮಾನಿಸುತ್ತಾನೆ. ಅದರಲ್ಲಿ ನಿಮ್ಮ ಹೆಸರು ಮೇಲೆ ಬರಬೇಕಾದರೆ ಮೂರು ಕೆಲಸ ಆಗಬೇಕು.

ಮೊದಲನೆಯದು ಹಣ. ಒಪ್ಪಿದ ದಿನಕ್ಕೆ ಹಣ ಕೊಡಿ. 12 ತಿಂಗಳ ಬಿಲ್ ತೆಗೆದು, ಗಡುವು ದಾಟಿ ಕೊಟ್ಟದ್ದು ಶೇಕಡ ಎಷ್ಟು ಅಂತ ಲೆಕ್ಕ ಹಾಕಿ. ತಡವಾಗಲು ಕಾರಣ ಸಾಮಾನ್ಯವಾಗಿ ಹಣದ ಕೊರತೆ ಅಲ್ಲ. ಬಿಲ್‌ನಲ್ಲಿ ಆರ್ಡರ್ ಸಂಖ್ಯೆ ತಪ್ಪಿರುತ್ತದೆ, ಮಾಲು ಒಳಗೆ ತೆಗೆದುಕೊಂಡವರು ದಾಖಲೆ ಮಾಡಿರುವುದಿಲ್ಲ, ಅನುಮತಿ ಕೊಡುವವರು ರಜೆಯಲ್ಲಿರುತ್ತಾರೆ. ಇವನ್ನು ಸರಿ ಮಾಡಲು ಖರ್ಚಾಗುವುದು ತೀರಾ ಕಡಿಮೆ. ದರದಲ್ಲಿ ಶೇಕಡ 2 ಜಾಸ್ತಿ ಕೊಟ್ಟು ಎರಡು ತಿಂಗಳು ಸತಾಯಿಸುವ ಗ್ರಾಹಕನಿಗಿಂತ, ದಿನಕ್ಕೆ ಸರಿಯಾಗಿ ಕೊಡುವವನಿಗೆ ಬೆಲೆ ಜಾಸ್ತಿ.

ಎರಡನೆಯದು ಮುನ್ನಂದಾಜು. ಮುಂದಿನ 13 ವಾರಗಳಿಗೆ ಎಷ್ಟು ಬೇಕಾಗುತ್ತದೆ ಅನ್ನುವ ಅಂದಾಜನ್ನು ಪ್ರತಿ ವಾರ ಕಳಿಸಿ. ಅದನ್ನು ಮೂರು ಭಾಗ ಮಾಡಿ. ಮೊದಲ 4 ವಾರದ್ದು ಗಟ್ಟಿ ಆರ್ಡರ್, ಬದಲಾಯಿಸುವ ಹಾಗಿಲ್ಲ. ನಂತರದ 4 ವಾರಕ್ಕೆ ಸಪ್ಲೈಯರ್ ಕಚ್ಚಾ ಮಾಲು ತರಿಸಬಹುದು, ನೀವು ಹಿಂದೆ ಸರಿದರೆ ಅದರ ಹೊಣೆ ನಿಮ್ಮದು. ಉಳಿದ 5 ವಾರದ್ದು ಬರೀ ಮಾಹಿತಿ. ಹೀಗೆ ಗೆರೆ ಎಳೆಯದೆ ಸುಮ್ನೆ ಅಂದಾಜು ಕಳಿಸಿದರೆ ಸಪ್ಲೈಯರ್ ಅದನ್ನು ನಂಬುವುದೇ ಇಲ್ಲ. ತನ್ನದೇ ಲೆಕ್ಕ ಹಾಕಿಕೊಳ್ಳುತ್ತಾನೆ. ಅವನ ಸಪ್ಲೈಯರ್ ಇನ್ನೊಂದು ಲೆಕ್ಕ ಹಾಕುತ್ತಾನೆ. ಪ್ರತಿಯೊಬ್ಬರೂ ಮುಂಜಾಗ್ರತೆಗೆ ಒಂದಿಷ್ಟು ಸೇರಿಸಿ ಆರ್ಡರ್ ಕೊಡುತ್ತಾ ಹೋದರೆ, ನಿಮ್ಮ ಬೇಡಿಕೆಯ ಸಣ್ಣ ಏರಿಳಿತ ನಾಲ್ಕು ಕೈ ದಾಟುವಷ್ಟರಲ್ಲಿ ದೊಡ್ಡ ಅಲೆಯಾಗಿರುತ್ತದೆ. ಪೂರೈಕೆ ಸರಪಳಿಯವರು (ಸಪ್ಲೈ ಚೈನ್) ಬುಲ್‌ವಿಪ್ ಅನ್ನುವುದು ಇದನ್ನೇ.

ಮೂರನೆಯದು ಒಂದೇ ಬಾಯಿ. ಖರೀದಿಯವರು ಒಂದು ಹೇಳಿ, ಉತ್ಪಾದನೆಯವರು ಫೋನ್ ಮಾಡಿ ಇನ್ನೊಂದು ಹೇಳಿದರೆ ಸಪ್ಲೈಯರ್ ಯಾರನ್ನು ನಂಬಬೇಕು? ಪ್ರತಿ ಆಯಕಟ್ಟಿನ ಸಪ್ಲೈಯರ್‌ಗೆ ನಿಮ್ಮ ಕಡೆಯಿಂದ ಒಬ್ಬರೇ ಹೊಣೆಗಾರರು ಇರಲಿ.

ಈ ಮೂರೂ ಒಂದು ತ್ರೈಮಾಸಿಕ ಸರಿಯಾಗಿ ನಡೆಯದೆ ಪಾಲುದಾರಿಕೆಯ ಮಾತು ಎತ್ತಬೇಡಿ. ಎತ್ತಿದರೂ ಎದುರಿನವರು ತಲೆಯಾಡಿಸುತ್ತಾರೆ, ನಂಬುವುದಿಲ್ಲ.

## ಹಂತ 4: ದರ ಬಿಟ್ಟು ಒಟ್ಟು ವೆಚ್ಚ ನೋಡಿ

ಇಬ್ಬರು ಸಪ್ಲೈಯರ್ ಇದ್ದಾರೆ ಅಂದುಕೊಳ್ಳಿ. ಮೊದಲನೆಯವರ ದರ 100, ಸಾಗಣೆ ಸೇರಿ. ಎರಡನೆಯವರದು 94. ಕಾಗದದ ಮೇಲೆ ಎರಡನೆಯವರೇ ಅಗ್ಗ. ಈಗ ಉಳಿದದ್ದನ್ನು ಸೇರಿಸಿ.

ಎರಡನೆಯವರಿಗೆ ಸಾಗಣೆ 4, ಒಳಬಂದ ಮಾಲನ್ನು ಪೂರ್ತಿ ತಪಾಸಣೆ ಮಾಡಲು 1, ತಿರಸ್ಕೃತ ಮಾಲಿನ ನಷ್ಟ 3, ತಡವಾಗುತ್ತದೆ ಅನ್ನುವ ಭಯಕ್ಕೆ ಇಟ್ಟ ಹೆಚ್ಚಿನ ದಾಸ್ತಾನಿಗೆ 2. ಒಟ್ಟು 104. ಮೊದಲನೆಯವರಿಗೆ ತಿರಸ್ಕೃತ ಮಾಲು 0.5, ದಾಸ್ತಾನು 1. ಒಟ್ಟು 101.5.

ದಾಸ್ತಾನಿನ ಲೆಕ್ಕ ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಸುಲಭದ ದಾರಿ ಇದು: ದಿನದ ಗರಿಷ್ಠ ಬಳಕೆಯನ್ನು ಗರಿಷ್ಠ ಕಾಯುವ ದಿನಗಳಿಂದ ಗುಣಿಸಿ. ಸರಾಸರಿ ಬಳಕೆಯನ್ನು ಸರಾಸರಿ ದಿನಗಳಿಂದ ಗುಣಿಸಿ, ಅದನ್ನು ಮೊದಲಿನದರಿಂದ ಕಳೆಯಿರಿ. ಉಳಿದದ್ದು ಸೇಫ್ಟಿ ಸ್ಟಾಕ್, ಅಂದರೆ ಮಾಲು ತಡವಾದರೂ ಕೆಲಸ ನಿಲ್ಲದಿರಲು ಇಡುವ ಹೆಚ್ಚಿನ ದಾಸ್ತಾನು. ದಿನಕ್ಕೆ ಸರಾಸರಿ 40, ಗರಿಷ್ಠ 50 ಬಳಕೆ. ಮಾಲು ಬರಲು ಸರಾಸರಿ 10 ದಿನ, ಅತಿ ಕೆಟ್ಟ ಸಲ 16 ದಿನ. 800ರಲ್ಲಿ 400 ಹೋದರೆ 400. ಅತಿ ಕೆಟ್ಟ ಸಲವೂ 12 ದಿನದಲ್ಲಿ ಕಳಿಸುವ ಸಪ್ಲೈಯರ್ ಆದರೆ? 600ರಲ್ಲಿ 400 ಹೋಗಿ 200. ದಾಸ್ತಾನು ಅರ್ಧಕ್ಕೆ ಇಳಿಯಿತು, ದರದಲ್ಲಿ ಒಂದು ಪೈಸೆ ಚೌಕಾಸಿ ಮಾಡದೆ. ಹೇಳಿದ ದಿನಕ್ಕೆ ಮಾಲು ಬರುವುದಕ್ಕೆ ಎಷ್ಟು ಬೆಲೆ ಅಂತ ಈ ಲೆಕ್ಕ ತೋರಿಸುತ್ತದೆ.

## ಹಂತ 5: ಆಯ್ಕೆ, ಭೇಟಿ, ಸಣ್ಣ ಆರ್ಡರ್

ಆಯಕಟ್ಟಿನ ವಸ್ತುವಿಗೆ ಕೊಟೇಶನ್ ನೋಡಿ ಸಪ್ಲೈಯರ್‌ನನ್ನು ಆರಿಸಬೇಡಿ. ಅವರ ಜಾಗಕ್ಕೆ ಹೋಗಿ. ಸಭಾಂಗಣದಲ್ಲಿ ಸ್ಲೈಡ್ ತೋರಿಸುವಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಲು ಹೇಳಿ.

ಅಲ್ಲಿ ನೋಡಬೇಕಾದ್ದು: ತಿರಸ್ಕರಿಸಿದ ಮಾಲನ್ನು ಬೇರೆ ಇಟ್ಟಿದ್ದಾರಾ, ಅಥವಾ ಒಳ್ಳೆಯದರ ಪಕ್ಕದಲ್ಲೇ ಬಿದ್ದಿದೆಯಾ. ಅಳತೆಯ ಉಪಕರಣಗಳಿಗೆ ಕ್ಯಾಲಿಬ್ರೇಶನ್ ಚೀಟಿ (ಅಳತೆ ಸರಿ ತೋರಿಸುತ್ತದೆ ಅಂತ ಪರೀಕ್ಷಿಸಿದ ಗುರುತು) ಇದೆಯಾ, ಅದರ ಅವಧಿ ಮುಗಿದಿದೆಯಾ. ಕೆಲಸ ಮಾಡುವವರು ಕೈಯಲ್ಲಿ ಬರೆದಿಟ್ಟ ದಾಖಲೆಗೂ ಕಚೇರಿಯ ವರದಿಗೂ ತಾಳೆ ಆಗುತ್ತದೆಯಾ. ಐಎಸ್‌ಒ 9001 ಪ್ರಮಾಣಪತ್ರ ಗೋಡೆಗೆ ತೂಗುಹಾಕಿದ್ದರೆ ಒಳ್ಳೆಯದೇ. ಅದು ಗುಣಮಟ್ಟ ಕಾಯುವ ವ್ಯವಸ್ಥೆ ಇದೆ ಅನ್ನುತ್ತದೆ, ಮಾಲು ಚೆನ್ನಾಗಿದೆ ಅನ್ನುವುದಿಲ್ಲ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಅವರ ಒಟ್ಟು ವ್ಯಾಪಾರದಲ್ಲಿ ನಿಮ್ಮ ಪಾಲು ಎಷ್ಟಾಗುತ್ತದೆ? ಶೇಕಡ 1 ಆದರೆ ನೀವು ಫೋನ್ ಮಾಡಿದಾಗ ಎತ್ತುವವರು ಇರುವುದಿಲ್ಲ. ಶೇಕಡ 60 ಆದರೆ ನೀವು ಆರ್ಡರ್ ಇಳಿಸಿದ ತಿಂಗಳು ಅವರು ಮುಳುಗಿಹೋಗುತ್ತಾರೆ, ಆ ಹೊರೆ ನಿಮ್ಮ ತಲೆಗೇ ಬರುತ್ತದೆ.

ಸ್ಯಾಂಪಲ್ ಒಪ್ಪಿದ ಕೂಡಲೇ ದೊಡ್ಡ ಆರ್ಡರ್ ಕೊಡುವುದು ಬಹಳ ಸಾಮಾನ್ಯವಾದ ತಪ್ಪು. ಸ್ಯಾಂಪಲ್ ಮಾಡುವವರು ಅವರಲ್ಲಿನ ಅತಿ ನುರಿತ ಕೆಲಸಗಾರರು. ಎಂದಿನ ಜನ, ಎಂದಿನ ಮೆಷಿನ್, ಎಂದಿನ ವೇಗದಲ್ಲಿ ತಯಾರಾದ ಮೂರು ಸಣ್ಣ ಕಂತು ತರಿಸಿ ನೋಡಿ. ಮೂರರಲ್ಲೂ ಗುಣಮಟ್ಟ ಒಂದೇ ಇದ್ದರೆ ಮುಂದುವರಿಯಿರಿ.

## ಹಂತ 6: ಒಪ್ಪಂದದಲ್ಲಿ ಜಗಳದ ದಿನದ ಬಗ್ಗೆ ಬರೆಯಿರಿ

ಸಂಬಂಧ ಚೆನ್ನಾಗಿರುವಾಗ ಒಪ್ಪಂದವನ್ನು ಯಾರೂ ತೆರೆದು ನೋಡುವುದಿಲ್ಲ. ಹಾಗಾಗಿ ಅದನ್ನು ಕೆಟ್ಟ ದಿನಕ್ಕೆ ಅಂತಲೇ ಬರೆಯಬೇಕು. ಕಾನೂನಿನ ಭಾಷೆಯನ್ನು ವಕೀಲರು ನೋಡಿಕೊಳ್ಳಲಿ. ಕೆಳಗಿನವು ಇವೆಯಾ ಅಂತ ನೀವು ನೋಡಿ.

- ದರದ ಸೂತ್ರ. ಮೂರು ವರ್ಷಕ್ಕೆ ದರ ಕಟ್ಟಿಹಾಕಿದರೆ ಕಚ್ಚಾ ಮಾಲಿನ ಬೆಲೆ ಏರಿದ ದಿನ ಒಬ್ಬರು ಸೋಲುತ್ತಾರೆ, ಆಮೇಲೆ ಗುಣಮಟ್ಟದಲ್ಲಿ ಅದನ್ನು ವಸೂಲಿ ಮಾಡುತ್ತಾರೆ. ದರದಲ್ಲಿ ಕಚ್ಚಾ ಮಾಲಿನ ಪಾಲು ಶೇಕಡ 60 ಇದ್ದು, ಇಬ್ಬರೂ ಒಪ್ಪಿದ, ಅದರ ಬೆಲೆಯ ಬಹಿರಂಗ ಸೂಚ್ಯಂಕ ಶೇಕಡ 10 ಏರಿದರೆ, ದರ ಶೇಕಡ 6 ಏರುತ್ತದೆ. ಇಳಿದಾಗಲೂ ಅದೇ ಸೂತ್ರ.
- ಬದಲಾವಣೆಯ ಸೂಚನೆ. ಕಚ್ಚಾ ಮಾಲು, ತಯಾರಿಸುವ ಜಾಗ, ವಿಧಾನ, ಉಪಗುತ್ತಿಗೆದಾರ ಇವುಗಳಲ್ಲಿ ಯಾವುದನ್ನೂ ಮುಂಚೆ ತಿಳಿಸದೆ ಬದಲಾಯಿಸುವ ಹಾಗಿಲ್ಲ.
- ಅಚ್ಚು, ಡೈ, ನಕ್ಷೆಗಳ ಒಡೆತನ. ನೀವು ಹಣ ಕೊಟ್ಟು ಮಾಡಿಸಿದ ಅಚ್ಚು ನಿಮ್ಮದು ಅಂತ ಬರೆದಿರಲಿ, ಅಚ್ಚಿನ ಮೇಲೂ ನಿಮ್ಮ ಹೆಸರು ಕೆತ್ತಿರಲಿ.
- ಉಳಿತಾಯದ ಹಂಚಿಕೆ. ಸಪ್ಲೈಯರ್ ಖರ್ಚು ಇಳಿಸುವ ದಾರಿ ಕಂಡುಕೊಂಡರೆ ಅರ್ಧ ಅವನಿಗೇ ಉಳಿಯಬೇಕು. ಪೂರ್ತಿ ನೀವೇ ಕಿತ್ತುಕೊಂಡರೆ ಎರಡನೇ ಸಲಹೆ ಬರುವುದೇ ಇಲ್ಲ.
- ಹೊರಹೋಗುವ ದಾರಿ. ಎಷ್ಟು ತಿಂಗಳ ಸೂಚನೆ, ಕೊನೆಯ ಆರ್ಡರ್ ಎಷ್ಟಿರಬಹುದು, ಉಳಿದ ಕಚ್ಚಾ ಮಾಲು ಯಾರದ್ದು.

"ವರ್ಷಕ್ಕೆ ಶೇಕಡ 5 ದರ ಇಳಿಸಲೇಬೇಕು" ಅನ್ನುವ ಷರತ್ತು ಕೆಲವರಿಗೆ ಬಲು ಇಷ್ಟ. ಖರ್ಚು ಎಲ್ಲಿ ಇಳಿಯುತ್ತದೆ ಅಂತ ಇಬ್ಬರೂ ಕೂತು ನೋಡದೆ ಈ ಷರತ್ತು ಹಾಕಿದರೆ, ಜಾಣ ಸಪ್ಲೈಯರ್ ಮೊದಲ ವರ್ಷದ ದರವನ್ನೇ ಏರಿಸಿ ಹೇಳಿರುತ್ತಾನೆ.

## ಹಂತ 7: ಅಂಕಪಟ್ಟಿ ಇಡಿ, ಎರಡೂ ಕಡೆಯದು

ಮೂರ್ನಾಲ್ಕು ಅಳತೆ ಸಾಕು. ಇಪ್ಪತ್ತು ಅಳತೆ ಇಟ್ಟವರು ಯಾವುದನ್ನೂ ನೋಡುವುದಿಲ್ಲ.

ಸಮಯಕ್ಕೆ ಸರಿಯಾಗಿ ಮತ್ತು ಪೂರ್ತಿಯಾಗಿ ಬಂದ ಆರ್ಡರ್‌ಗಳ ಪ್ರಮಾಣ ಮೊದಲನೆಯದು. 10 ಆರ್ಡರ್‌ನಲ್ಲಿ 9 ಸಮಯಕ್ಕೆ ಬಂದವು, 8 ಪೂರ್ತಿ ಬಂದವು, ಆದರೆ ಎರಡೂ ಸರಿಯಿದ್ದದ್ದು 7 ಮಾತ್ರ ಅಂದರೆ ಅಂಕ ಶೇಕಡ 70. ಸಮಯ ಅಂದರೆ ನೀವು ಕೇಳಿದ ದಿನವಾ, ಅವರು ಒಪ್ಪಿದ ದಿನವಾ ಅನ್ನುವುದನ್ನು ಮೊದಲೇ ಬರೆದುಕೊಳ್ಳಿ. ಅಂಕಪಟ್ಟಿಯ ಮುಕ್ಕಾಲು ಜಗಳ ಇದರದ್ದೇ.

ಎರಡನೆಯದು ದೋಷದ ಪ್ರಮಾಣ, ಹತ್ತು ಲಕ್ಷಕ್ಕೆ ಎಷ್ಟು ಅನ್ನುವ ಲೆಕ್ಕದಲ್ಲಿ. 5000ದಲ್ಲಿ 4 ಕೆಟ್ಟಿದ್ದರೆ 800 ಪಿಪಿಎಂ. ಮೂರನೆಯದು, ದೂರು ಕೊಟ್ಟ ಮೇಲೆ ಮೂಲ ಕಾರಣ ಹುಡುಕಿ ಉತ್ತರಿಸಲು ಹಿಡಿದ ದಿನಗಳು. "ಕೆಲಸಗಾರರಿಗೆ ಎಚ್ಚರಿಕೆ ಕೊಟ್ಟಿದ್ದೇವೆ" ಅನ್ನುವುದು ಉತ್ತರ ಅಲ್ಲ, ಅದನ್ನು ವಾಪಸ್ ಕಳಿಸಿ.

ಅದೇ ಹಾಳೆಯಲ್ಲಿ ನಿಮ್ಮ ಅಂಕವೂ ಇರಲಿ: ಗಡುವಿನೊಳಗೆ ಕೊಟ್ಟ ಹಣ ಶೇಕಡ ಎಷ್ಟು, ಮುನ್ನಂದಾಜು ಎಷ್ಟು ತಪ್ಪಿತು, ಗಟ್ಟಿ ಆರ್ಡರ್ ಅಂತ ಹೇಳಿ ಎಷ್ಟು ಸಲ ಬದಲಾಯಿಸಿದಿರಿ. ಮೂರು ತಿಂಗಳಿಗೊಮ್ಮೆ ಎದುರುಬದುರು ಕೂತು ಎರಡನ್ನೂ ಓದಿ. ಹೊಸ ಉತ್ಪನ್ನದ ನಕ್ಷೆಯನ್ನು ಅಂತಿಮ ಮಾಡುವ ಮುಂಚೆ ತೋರಿಸಲು ಇದೇ ಒಳ್ಳೆಯ ಸಂದರ್ಭ. "ಈ ಅಳತೆಗೆ ಇಷ್ಟು ಬಿಗಿ ಬೇಕಾ?" ಅಂತ ಸಪ್ಲೈಯರ್ ಕೇಳುವ ಒಂದು ಪ್ರಶ್ನೆ, ವರ್ಷವಿಡೀ ಚೌಕಾಸಿ ಮಾಡಿದ್ದಕ್ಕಿಂತ ಜಾಸ್ತಿ ಉಳಿಸಬಲ್ಲದು.

## ಹಂತ 8: ನಂಬಿಕೆ ಇದ್ದರೂ ಬದಲಿ ದಾರಿ ಇರಲಿ

1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾ ಕಾರುಗಳ ಬ್ರೇಕ್‌ಗೆ ಬೇಕಾದ ಒಂದು ಸಣ್ಣ ವಾಲ್ವ್ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು, ದಾಸ್ತಾನು ತೀರಾ ಕಡಿಮೆ ಇತ್ತು. ಟೊಯೊಟಾದ ಜಪಾನಿನ ಕಾರ್ಖಾನೆಗಳು ನಿಂತವು. ಆಮೇಲೆ ಉಳಿದ ಸಪ್ಲೈಯರ್‌ಗಳು ಒಟ್ಟಿಗೆ ಕೈಹಾಕಿ, ತಾವು ಹಿಂದೆಂದೂ ಮಾಡದ ಆ ವಾಲ್ವನ್ನು ತಯಾರಿಸಿ ಕೊಟ್ಟರು. ಸುಮಾರು ಒಂದು ವಾರದಲ್ಲಿ ಉತ್ಪಾದನೆ ಮತ್ತೆ ಹಳಿಗೆ ಬಂತು. ಪಾಲುದಾರಿಕೆಗೆ ಎಷ್ಟು ಶಕ್ತಿ ಇದೆ ಅಂತ ಈ ಘಟನೆಯನ್ನು ಹೇಳುವವರು ಬಹಳ. ಒಂದೇ ಜಾಗದಿಂದ ತರಿಸುತ್ತಿದ್ದುದರಿಂದಲೇ ಆ ಶಕ್ತಿ ಬೇಕಾಯಿತು ಅನ್ನುವುದನ್ನು ಮಾತ್ರ ಮರೆಯುತ್ತಾರೆ.

ಇಬ್ಬರ ನಡುವೆ 70-30 ಹಂಚುವುದು ಸುಲಭದ ದಾರಿ. ಇಬ್ಬರನ್ನು ಸಾಕುವಷ್ಟು ಪ್ರಮಾಣ ನಿಮ್ಮಲ್ಲಿ ಇಲ್ಲದಿದ್ದರೆ, ಅದೇ ಸಪ್ಲೈಯರ್‌ನ ಇನ್ನೊಂದು ಜಾಗದಲ್ಲಿ ತಯಾರಿ ಆಗುವಂತೆ ಒಪ್ಪಿಸಿ. ಅದೂ ಆಗದಿದ್ದರೆ, ಎರಡನೆಯವರ ಸ್ಯಾಂಪಲ್ ಪರೀಕ್ಷಿಸಿ ಒಪ್ಪಿಗೆ ಕೊಟ್ಟು ಇಟ್ಟುಕೊಳ್ಳಿ.

ನಿಮ್ಮ ಸಪ್ಲೈಯರ್‌ನ ಸಪ್ಲೈಯರ್ ಯಾರು ಅನ್ನುವುದೂ ಗೊತ್ತಿರಬೇಕು. ಜಪಾನಿನಲ್ಲಿ 2011ರ ಮಾರ್ಚ್‌ನ ಭೂಕಂಪ ಮತ್ತು ಸುನಾಮಿಯ ನಂತರ ಹಲವು ಕಾರು ಕಂಪನಿಗಳು ಕೆಲವು ಬಣ್ಣದ ಕಾರುಗಳಿಗೆ ಆರ್ಡರ್ ತೆಗೆದುಕೊಳ್ಳುವುದನ್ನು ಮಿತಿಗೊಳಿಸಬೇಕಾಯಿತು. ಬಣ್ಣಕ್ಕೆ ಹೊಳಪು ಕೊಡುವ ಒಂದು ಪದಾರ್ಥ ಆಗ ಜಪಾನಿನ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಬಣ್ಣ ಇಬ್ಬರಿಂದ ತರಿಸಿದ್ದರೂ ಪ್ರಯೋಜನವಿರಲಿಲ್ಲ, ಇಬ್ಬರಿಗೂ ಆ ಪದಾರ್ಥ ಬರುತ್ತಿದ್ದುದು ಒಂದೇ ಕಡೆಯಿಂದ.

## ಎಚ್ಚರಿಕೆಯ ಗುರುತುಗಳು

ಸಪ್ಲೈಯರ್ ಕುಸಿಯುವ ಮುಂಚೆ ಸುಳಿವು ಕೊಟ್ಟೇ ಕೊಡುತ್ತಾನೆ. ಇವು ಕಂಡರೆ ಮುಂದಿನ ತ್ರೈಮಾಸಿಕ ಸಭೆಗೆ ಕಾಯಬೇಡಿ:

- ಹಿಂದೆಂದೂ ಕೇಳದ ಮುಂಗಡ ಈಗ ಕೇಳುತ್ತಿದ್ದಾರೆ, ಅಥವಾ ಬೇಗ ಹಣ ಕೊಟ್ಟರೆ ದೊಡ್ಡ ರಿಯಾಯಿತಿ ಅನ್ನುತ್ತಿದ್ದಾರೆ.
- ಒಂದು ಆರ್ಡರ್ ಮೂರು ಕಂತಿನಲ್ಲಿ ಬರುತ್ತಿದೆ. ಕಚ್ಚಾ ಮಾಲನ್ನು ಅವರು ಸಾಲದಲ್ಲಿ ಚೂರು ಚೂರು ತರಿಸುತ್ತಿರಬಹುದು.
- ಗುಣಮಟ್ಟದ ಮುಖ್ಯಸ್ಥರೋ ಲೆಕ್ಕಪತ್ರದ ಹಿರಿಯರೋ ಕೆಲಸ ಬಿಟ್ಟಿದ್ದಾರೆ, ಆ ಜಾಗಕ್ಕೆ ಯಾರೂ ಬಂದಿಲ್ಲ.
- ಮಾಲಿನ ಅಳತೆಗಳು ಮಿತಿಯೊಳಗೇ ಇವೆ, ಆದರೆ ತಿಂಗಳಿಂದ ತಿಂಗಳಿಗೆ ಒಂದೇ ಅಂಚಿನ ಕಡೆ ಜರುಗುತ್ತಿವೆ.
- ಜಾಗ ನೋಡಲು ಬರುತ್ತೇವೆ ಅಂದರೆ ಪ್ರತಿ ಸಲ ಒಂದು ನೆಪ.

ಬ್ಯಾಂಕ್ ಖಾತೆ ಬದಲಾಗಿದೆ ಅನ್ನುವ ಇಮೇಲ್ ಬಂದರೆ ಅದು ಬೇರೆಯೇ ವಿಷಯ, ವಂಚನೆ ಇರಬಹುದು. ಆ ಇಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ನಿಮ್ಮಲ್ಲಿ ಮೊದಲಿಂದ ಇರುವ ನಂಬರಿಗೆ ಮಾಡಿ, ಪರಿಚಯದವರ ಬಾಯಲ್ಲೇ ಕೇಳಿ ಖಚಿತ ಮಾಡಿಕೊಳ್ಳುವ ತನಕ ಹಣ ಕಳಿಸಬೇಡಿ.

ಸುಳಿವು ಸಿಕ್ಕ ಮೇಲೆ ಎಷ್ಟು ಬೇಗ ಎದ್ದಿರಿ ಅನ್ನುವುದೂ ಮುಖ್ಯ. 2000ದ ಮಾರ್ಚ್‌ನಲ್ಲಿ ಅಮೆರಿಕದ ಆಲ್ಬಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಯಲ್ಲಿ ಸಣ್ಣ ಬೆಂಕಿ ಕಾಣಿಸಿತು, ನಿಮಿಷಗಳಲ್ಲೇ ಆರಿತು. ಆದರೆ ಹೊಗೆ ಮತ್ತು ನೀರಿನಿಂದ ಚಿಪ್ ತಯಾರಿಸುವ ಶುದ್ಧ ಕೋಣೆಗಳು ಕೆಟ್ಟವು. ಆಗ ಮೊಬೈಲ್ ಫೋನ್ ತಯಾರಿಸುತ್ತಿದ್ದ ನೋಕಿಯಾ, ಎರಿಕ್ಸನ್ ಎರಡೂ ಅಲ್ಲಿಂದ ಚಿಪ್ ಕೊಳ್ಳುತ್ತಿದ್ದವು. ನೋಕಿಯಾದವರು ಕೂಡಲೇ ದಿನದಿನದ ನಿಗಾ ಇಟ್ಟು, ಬೇರೆ ಕಡೆಗಳಿಂದ ಚಿಪ್ ಹೊಂದಿಸಿಕೊಂಡರು. ಎರಿಕ್ಸನ್ ಎಚ್ಚೆತ್ತಾಗ ತಡವಾಗಿತ್ತು, ಬದಲಿ ಸಪ್ಲೈಯರ್ ಇರಲಿಲ್ಲ. ಅವರ ನಷ್ಟ ಸುಮಾರು 40 ಕೋಟಿ ಡಾಲರ್ ಅನ್ನುವುದು ಆಗಿನ ಅಂದಾಜು. ಇಬ್ಬರಿಗೂ ಸುದ್ದಿ ಮುಟ್ಟಿತ್ತು. ಹಾಗಾಗಿ ನಿಮ್ಮಲ್ಲಿ ಇಂಥ ಸುದ್ದಿ ಬಂದರೆ ಯಾರಿಗೆ ಹೇಳಬೇಕು, ಎಷ್ಟು ಗಂಟೆಯೊಳಗೆ ಹೇಳಬೇಕು ಅನ್ನುವುದನ್ನು ಇವತ್ತೇ ಬರೆದಿಡಿ.

## ಹಂತ 9: ಬಿಡಬೇಕಾದರೆ ಹೀಗೆ ಬಿಡಿ

ಅಂಕಪಟ್ಟಿ ಸತತ ಎರಡು ತ್ರೈಮಾಸಿಕ ಇಳಿದರೆ ಬರಹದಲ್ಲಿ ತಿಳಿಸಿ, ಸುಧಾರಣೆಗೆ ದಿನಾಂಕ ಕೊಡಿ. ಬೇಕಿದ್ದರೆ ನಿಮ್ಮ ಎಂಜಿನಿಯರ್‌ರನ್ನು ಕಳಿಸಿ ನೆರವಾಗಿ. ಅದಕ್ಕೂ ಬಗ್ಗದಿದ್ದರೆ ಹೊರಬರುವ ತಯಾರಿ ಸದ್ದಿಲ್ಲದೆ ಶುರುವಾಗಲಿ.

ಕ್ರಮ ಇಲ್ಲೂ ಮುಖ್ಯ. ಮೊದಲು ಹೊಸಬರ ಮೂರು ಕಂತು ಪಾಸಾಗಬೇಕು. ಆಮೇಲೆ ಬದಲಾವಣೆಯ ಅವಧಿಗೆ ಸಾಲುವಷ್ಟು ದಾಸ್ತಾನು ಕಟ್ಟಬೇಕು. ಅಚ್ಚು, ನಕ್ಷೆ ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಅಂತ ಹೋಗಿ ನೋಡಬೇಕು. ಹಳಬರಿಗೆ ಹೇಳುವುದು ಇವೆಲ್ಲ ಆದ ಮೇಲೆ, ಒಪ್ಪಂದದಲ್ಲಿ ಬರೆದ ಅವಧಿಗೆ ಸರಿಯಾಗಿ. ಮೊದಲೇ ಬಾಯಿಬಿಟ್ಟರೆ ನಿಮ್ಮ ಮಾಲು ಅವರ ಕೊನೆಯ ಆದ್ಯತೆ ಆಗುತ್ತದೆ, ಹೊಸಬರೋ ಇನ್ನೂ ತಯಾರಾಗಿರುವುದಿಲ್ಲ.

ಬಾಕಿ ಹಣ ಪೂರ್ತಿ ಚುಕ್ತಾ ಮಾಡಿ. ಬಿಟ್ಟ ಕಾರಣವನ್ನು ನೇರವಾಗಿ, ಅಂಕಪಟ್ಟಿ ಮುಂದಿಟ್ಟು ಹೇಳಿ. ಹೊಸಬರು ಕೈಕೊಟ್ಟ ದಿನ ನೀವು ಮೊದಲು ಫೋನ್ ಮಾಡುವುದು ಇವರಿಗೇ ಆಗಿರಬಹುದು.